ಆಯೇರಿಯೋ ಬಾಡಿಗೆಯೋ

ಗಜೇಂದ್ರಗಡದಲ್ಲಿ ನಾವಿರುವುದು ಚಿಗವ್ವನ ಮನೆಯಲ್ಲಿ. ಚಿಗವ್ವ ಎಂದರೆ ನಮ್ಮವ್ವನ ತಂಗಿ. ನನ್ನ ಮದುವೆಯಾದ ಹೊಸದರಲ್ಲಿ ಕೀಲಿಕೈಯನ್ನು ನನ್ನ ಕೈಗಿಟ್ಟು, ಮನೆ ಖಾಲಿ ಬಿಟ್ಟರೆ ಗೆದ್ದಲು ಹಿಡಿಯುತ್ತದೆ, ನೀವೇ ಇರಿ ಎಂದು ಹೇಳಿ ನರಗುಂದಕ್ಕೆ ಮಗನ ಮನೆಗೆ ಹೊರಟುಹೋದಳು. ಕಾಗದವಿಲ್ಲ, ಕರಾರಿಲ್ಲ. ನಾನು ಮೊದಲು ಮಾಡಿದ ಕೆಲಸವೆಂದರೆ ಪಡಸಾಲೆಯ ನೆಲ ಅಗೆಸಿ ಕುಣಿಮಗ್ಗ ಹೂಡಿಸಿದ್ದು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲಿಕ್ಕೇ ಬಿಡುವುದಿಲ್ಲ, ನೆಲ ಅಗೆಯಲು ಯಾರು ಬಿಟ್ಟಾರು? ನಮ್ಮ ಹೊಟ್ಟೆಪಾಡೆಲ್ಲ ಆ ಕುಣಿಯಲ್ಲೇ.

ಪ್ರತಿ ದೀಪಾವಳಿಗೆ ಚಿಗವ್ವನಿಗೊಂದು ಪಟ್ಟೇದಂಚಿನ ಸೀರೆ ನೇಯ್ದು ಒಯ್ದು ಕೊಡುತ್ತಿದ್ದೆ.

ಹೋದ ಶ್ರಾವಣದಲ್ಲಿ ಆಕೆಯ ಮಗ ಬಂದ. ಪಡಸಾಲೆಯನ್ನು ಮೊಬೈಲ್ ಅಂಗಡಿಯವರಿಗೆ ಕೊಡುತ್ತೇನೆ, ಬರುವ ಅಮಾವಾಸ್ಯೆಯೊಳಗೆ ಮನೆ ಬಿಡಿ ಎಂದ. ಇಷ್ಟು ವರ್ಷ ಇದ್ದವರನ್ನು ಹೀಗೆ ಎಬ್ಬಿಸಲು ಬರುವುದಿಲ್ಲ ಎಂದು ನಾನೂ ದನಿ ಏರಿಸಿದೆ. ಅವನು ನಕ್ಕ.

"ಬಾಡಿಗಿಯವ್ರಾಗಿದ್ರ ನೋಟಿಸ್ ಕೊಡತಿದ್ದೆ. ನೀ ಏನ್ ಬಾಡಿಗಿಯಾಕಿ ಏನಕ್ಕಾ? ಮನಿ ಮಗಳು."

ಮನಿ ಮಗಳು ಎಂಬ ಮಾತು ಬೈಗುಳದಂತೆ ಕಿವಿಗೆ ಬಿದ್ದದ್ದು ಅದೇ ಮೊದಲು.

ಮರುದಿನವೇ ರೋಣದ ಬಸ್ಸು ಹತ್ತಿದೆ. ಅಲ್ಲಿಯ ವಕೀಲರೊಬ್ಬರು ಎಲ್ಲ ಕೇಳಿಸಿಕೊಂಡು, ಚಿಗವ್ವನಿಗೆ ಏನಾದರೂ ಕೊಡುತ್ತೀರಾ ಎಂದರು. ವರ್ಷಕ್ಕೊಂದು ಸೀರೆ ಎಂದೆ. ಅವರು ಕುರ್ಚಿಯಲ್ಲಿ ನೆಟ್ಟಗಾದರು. ಬಾಡಿಗೆ ರೊಕ್ಕವೇ ಆಗಬೇಕೆಂದಿಲ್ಲ, ಮನೆಗಾಗಿ ಸೀರೆ ಎಂದು ಇಬ್ಬರೂ ಒಪ್ಪಿದ್ದರೆ ಕಾಗದ ಇಲ್ಲದೆಯೂ ನೀವು ಬಾಡಿಗೆದಾರರೇ. ಬರೀ ಪ್ರೀತಿಗೆ ಕೊಟ್ಟಿದ್ದರೆ ಆಕೆಯ ಅಪ್ಪಣೆಯ ಮೇಲೆ ಇದ್ದವರು, ಅಪ್ಪಣೆ ಮುಗಿದರೆ ಬಿಡಬೇಕು, ಬಿಡಲು ಒಂದಿಷ್ಟು ಸಮಯ ಸಿಕ್ಕೀತು ಅಷ್ಟೇ. "ಅದು ಬಾಡಿಗಿನೋ ಆಯೇರಿನೋ, ಅಷ್ಟ ಹೇಳ್ರಿ" ಎಂದರು. ಆಯೇರಿ ಎಂದರೆ ನಮ್ಮ ಕಡೆ ಬಂಧುಬಳಗಕ್ಕೆ ಮಾಡುವ ಉಡುಗೊರೆ.

ಚಿಗವ್ವನನ್ನು ಕೇಳಿ ಬರುತ್ತೇನೆಂದು ಎದ್ದೆ. ಬಾಡಿಗೆದಾರಳು! ಆ ಪದ ಇಷ್ಟು ಚಂದ ಇದೆಯೆಂದು ಯಾರೂ ಹೇಳಿರಲಿಲ್ಲ. ಊರಿಗೆ ಹೋಗದೆ ಸೀದಾ ನರಗುಂದದ ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ, ಅದು ಬಾಡಿಗೀನ ಅಲ್ಲೇನ ಚಿಗವ್ವಾ, ಅದು ಬಾಡಿಗೀನ ಅಲ್ಲೇನ ಎಂದು ಬಾಯಿಪಾಠ ಮಾಡಿದೆ. ನನಗೆ ದೆವ್ವ ಬಡಿದಿದೆ ಅಂದುಕೊಂಡಳೋ ಏನೋ, ಪಕ್ಕದ ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು.

ಚಿಗವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಮೈಮೇಲೆ ನಾನು ನೇಯ್ದ ಸೀರೆ. ಮಗನೂ ಮನೆಯಲ್ಲೇ ಇದ್ದ. ನೀರು ಕುಡಿಯುವ ಮೊದಲೇ ನಾನು ಎಲ್ಲ ಒದರಿಬಿಟ್ಟೆ. ಮಗ ನಮ್ಮನ್ನು ಎಬ್ಬಿಸಲು ಹೋಗಿದ್ದು ಆಕೆಗೆ ಗೊತ್ತೇ ಇರಲಿಲ್ಲ. ಅವನನ್ನು ಒಮ್ಮೆ ದಿಟ್ಟಿಸಿದಳು. ಆಮೇಲೆ ತನ್ನ ಸೆರಗನ್ನು ಕೈಯಲ್ಲಿ ಹಿಡಿದು ನೋಡಿಕೊಂಡಳು.

"ಹಂಗಾದ್ರ ಇಷ್ಟ ದಿನ ನಾ ಬಾಡಿಗಿ ಉಟ್ಟೀನೇನವ್ವಾ?"

ಹೌದು ಎಂದರೆ ಮಗ್ಗ ಉಳಿಯುತ್ತಿತ್ತು.

"ಇಲ್ಲ ಚಿಗವ್ವಾ, ಆಯೇರಿನ" ಎಂದೆ.

ಮಗನ ಮುಖ ಅರಳಿತು. ನನಗೆ ಅಳುವೂ ಬಂತು, ನನ್ನ ಬಾಯಿಯ ಮೇಲೆ ಸಿಟ್ಟೂ ಬಂತು. ಆದರೆ ಚಿಗವ್ವ ಅವನ ಕಡೆ ತಿರುಗಿದಳು. ಮನೆ ಇನ್ನೂ ತನ್ನ ಹೆಸರಲ್ಲೇ ಇದೆ ಎಂದು ನೆನಪಿಸಿದಳು. ಇವತ್ತಿನಿಂದ ಇವಳು ನನ್ನ ಬಾಡಿಗೆಯವಳು, ಬಾಡಿಗೆ ವರ್ಷಕ್ಕೊಂದು ಸೀರೆ, ನೋಟಿಸ್ ಕೊಡುವುದಿದ್ದರೆ ನಾನು ಕೊಡುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ ಎಂದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ನಾನು ಕುಣಿಯುವುದೊಂದು ಬಾಕಿ. ಖುಷಿ ತಡೆಯಲಾಗದೆ ಆಕೆಯ ಕಾಲು ಹಿಡಿದೆ.

"ಬಾಡಿಗಿ ಸೀರಿ ಕೊಟ್ಟೆ ಅಂತ ಆಯೇರಿ ತಪ್ಪಸಬ್ಯಾಡ ಮತ್ತ" ಎಂದಳು ಚಿಗವ್ವ. "ಬಾಡಿಗಿದು ಪೆಟಗ್ಯಾಗ ಇಡತೀನಿ. ಆಯೇರಿದು ಉಡತೀನಿ."