ಖಾಡಿಯ ಕೆಸರು ಓದಿದವರು: ಪ್ರೊ. ಮಹಾದೇವಿ ಹಂಚಿನಾಳ

ಭೂಮಿಯ ಹಳೆಯ ಹವಾಮಾನವನ್ನು ಅರಿಯಬಯಸುವವರಲ್ಲಿ ಕೆಲವರು ಧ್ರುವಪ್ರದೇಶದ ಮಂಜುಗಡ್ಡೆ ಕೊರೆಯುತ್ತಾರೆ, ಕೆಲವರು ಕಡಲತಳದ ಚಿಪ್ಪು ಹೆಕ್ಕುತ್ತಾರೆ. ಪ್ರೊಫೆಸರ್ ಮಹಾದೇವಿ ಹಂಚಿನಾಳ ಅವರು ಆರಿಸಿಕೊಂಡದ್ದು ಮುಂಬಯಿಯ ಖಾಡಿಗಳ, ಅಂದರೆ ಕಡಲ ನೀರು ಒಳನುಗ್ಗುವ ಹಿನ್ನೀರ ಕಾಲುವೆಗಳ, ಕೆಸರನ್ನು. ಗಿಡಮರಗಳು ಗಾಳಿಗೆ ತೂರಿದ ಪರಾಗದ ಕಣ ಕೆಸರಿನಲ್ಲಿ ಹೂತುಹೋದರೆ ಸಾವಿರಾರು ವರ್ಷ ಕೊಳೆಯದು. ಯಾವ ಪದರದಲ್ಲಿ ಯಾವ ಗಿಡದ ಪರಾಗ ಎಷ್ಟಿದೆಯೆಂದು ಸೂಕ್ಷ್ಮದರ್ಶಕದಡಿ ಎಣಿಸಿದರೆ ಆ ಕಾಲದ ಮಳೆ, ಬಿಸಿಲು, ಕಡಲಿನ ಏರಿಳಿತ ಎಲ್ಲವೂ ತಿಳಿಯುತ್ತವೆ. ಪಶ್ಚಿಮ ಕರಾವಳಿಯ ಮಟ್ಟಿಗೆ ಈ ವಿದ್ಯೆಯಲ್ಲಿ ಮಹಾದೇವಿಯವರನ್ನು ಕೇಳದೆ ಮುಂದಕ್ಕೆ ಹೆಜ್ಜೆಯಿಡುವವರು ಕಡಿಮೆ. ಗೋರೆಗಾಂವಿನ ಕಾಲೇಜೊಂದರಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಅವರನ್ನು ಗೌರವಿಸುವ ಈ ಸಂಪುಟದಲ್ಲಿ ಅವರ ಸಾಧನೆಗಳ ಪಟ್ಟಿ ಬೇರೆಡೆ ಇದೆ. ಇಲ್ಲಿರುವುದು ಅವರ ಒಂದು ತಪ್ಪಿನ ಕಥೆ. ಅದನ್ನು ಬಿಟ್ಟು ಉಳಿದುದನ್ನೆಲ್ಲ ಹೊಗಳಿದರೆ ಅವರೇ ಒಪ್ಪುವವರಲ್ಲ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರಾದ ಮಹಾದೇವಿಯವರು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಮುಂಬಯಿಗೆ ಬಂದಿಳಿಯುವವರೆಗೆ ಸಮುದ್ರವನ್ನು ಕಂಡವರಲ್ಲ. ಕಂಡ ಮೇಲೂ ಅವರ ಕಣ್ಣು ಹೋದದ್ದು ಅಲೆಗಳ ಕಡೆಗಲ್ಲ, ನೀರಿಳಿದಾಗ ಮೇಲೇಳುವ ಕರಿಯ ಕೆಸರಿನ ಕಡೆಗೆ. ಮೂಗು ಮುಚ್ಚಿಕೊಂಡು ದಂಡೆಯಲ್ಲಿ ನಿಂತ ವಿದ್ಯಾರ್ಥಿಗಳ ಎದುರಿಗೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲು ಮುಳುಗುವವರೆಗೆ ಇಳಿದುಬಿಟ್ಟರಂತೆ. ಅಂದಿನಿಂದ ಅವರ ತರಗತಿಗೆ ಸೇರುವವರು ಮೊದಲು ರಬ್ಬರಿನ ಚಪ್ಪಲಿ ಕೊಳ್ಳುವುದು ವಾಡಿಕೆಯಾಯಿತು.

ಅವರ ಪಾಠದ ಸೊಗಸನ್ನು ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಒಮ್ಮೆ ಜೋರು ಮಳೆಗೆ ಲೋಕಲ್ ಗಾಡಿಗಳು ನಿಂತು ದೂರದ ಮಕ್ಕಳೆಲ್ಲ ಕಾಲೇಜಿನಲ್ಲೇ ಉಳಿಯಬೇಕಾಯಿತು. ತಮ್ಮ ಕಪಾಟಿನಲ್ಲಿ ಸದಾ ಇರುತ್ತಿದ್ದ ಕಟಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಎಲ್ಲರಿಗೂ ಹಂಚಿ, ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯನ್ನೇ ತೋರಿಸಿ ಅವರು ಪಾಠ ಶುರು ಮಾಡಿದರು. ಈ ಮಳೆ ಗಾಳಿಯ ಇಂಗಾಲವನ್ನು ತನ್ನಲ್ಲಿ ಕರಗಿಸಿಕೊಂಡು ನಮ್ಮ ಕಾಲಡಿಯ ಕರಿಕಲ್ಲನ್ನು ಸವೆಸುತ್ತದೆ. ಕಲ್ಲುಹೂವು, ಬೇರುಗಳು ಬಿರುಕಿಗೆ ನುಗ್ಗಿ ಆ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸುತ್ತವೆ. ಕರಗಿದ್ದೆಲ್ಲ ಕಡಲು ಸೇರಿ ಚಿಪ್ಪಾಗಿ ತಳದಲ್ಲಿ ಕೂರುತ್ತದೆ, ಗಾಳಿಯಲ್ಲಿ ಇಂಗಾಲ ತಗ್ಗಿ ಭೂಮಿ ತಂಪಾಗುತ್ತದೆ. ಹಾಗೆಯೇ ಕಣ್ಣಿಗೆ ಕಾಣದ ಜೀವಿಗಳು ಬಲು ಹಿಂದೆ ಗಾಳಿಗೆ ಆಮ್ಲಜನಕ ತುಂಬಿ ಇಡೀ ಭೂಮಿಯನ್ನು ಚಳಿಯಲ್ಲಿ ನಡುಗಿಸಿದ್ದನ್ನೂ, ಕಲ್ಲಿದ್ದಲಾದ ಕಾಡುಗಳು ಹಿಮಯುಗವನ್ನು ಕರೆತಂದದ್ದನ್ನೂ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಹವೆ ಜೀವಿಗಳನ್ನು ಆಳುತ್ತದೆಂಬುದು ಅರ್ಧ ಮಾತು, ಜೀವಿಗಳು ಹವೆಯನ್ನು ತಿದ್ದುತ್ತವೆಂಬುದು ಉಳಿದರ್ಧ ಎಂಬುದು ಅವರ ಪಾಠಗಳ ಪಲ್ಲವಿ.

ಇನ್ನು ಅವರ ಕೆಲಸದ ರೀತಿ. ಖಾಡಿಯಿಂದ ಕೊಳವೆಯಲ್ಲಿ ತೆಗೆದ ಕೆಸರಿನ ಪ್ರತಿ ಕಂಬವನ್ನೂ ಉದ್ದಕ್ಕೆ ಸೀಳಿ, ಒಂದು ಪಾಲನ್ನು ಪರೀಕ್ಷೆಗೆ ಬಳಸಿ, ಇನ್ನೊಂದನ್ನು ಮುಟ್ಟದೆ ಫ್ರಿಜ್ಜಿನಲ್ಲಿ ಇಡುವುದು ಅವರ ನೇಮ. ಯಾವ ಪದರವನ್ನು ಯಾವ ದಿನ ಯಾರು ಜರಡಿ ಹಿಡಿದರೆಂಬುದನ್ನು ವಹಿಯಲ್ಲಿ ಬರೆಯುವುದು ಇನ್ನೊಂದು. ಇವುಗಳ ಜೊತೆಗೆ ಊರಿನಿಂದ ತಂದ ಒಂದು ಪದ್ಧತಿಯೂ ಇತ್ತು. ಪ್ರತಿ ವರ್ಷ ಖಂಡೇನವಮಿಯಂದು ದಾದರಿನ ಮಾರುಕಟ್ಟೆಯಿಂದ ತಾವೇ ಚೆಂಡುಹೂವು ತಂದು ಸೂಕ್ಷ್ಮದರ್ಶಕ, ಜರಡಿ, ಕೊಳವೆಗಳಿಗೆ ಪೂಜೆ ಮಾಡುತ್ತಿದ್ದರು. ಬೆಳಗಾವಿಯ ಕಡೆಯವರಾದ ಪ್ರಯೋಗಾಲಯದ ಸಹಾಯಕ ಕಾಶಪ್ಪನವರ ಮನೆಯ ಕಟ್ಟಳೆಯಂತೆ ಏರಿಸಿದ ಮಾಲೆಯನ್ನು ಆರು ದಿನದಾಚೆಯ ಸೀಗಿ ಹುಣ್ಣಿಮೆಯವರೆಗೆ ಇಳಿಸುವಂತಿರಲಿಲ್ಲ. ಅದು ಜರಡಿಗಳ ಮೇಲಿನ ಮೊಳೆಗೆ ತೂಗುತ್ತ ಒಣಗುತ್ತಿತ್ತು.

ಆರು ವರ್ಷಗಳ ಹಿಂದಿನ ಮಾತು. ಭಾಂಡುಪಿನ ಸ್ನೇಹಲ್ ಎಂಬ ಮರಾಠಿ ಹುಡುಗಿ ಮಹಾದೇವಿಯವರ ಬಳಿ ಪಿಎಚ್.ಡಿ. ಮಾಡುತ್ತಿದ್ದಳು. ತನ್ನ ಮನೆಯ ಹಿಂದಿನ ಖಾಡಿಯ ಐದು ಮೀಟರ್ ಕೆಸರನ್ನು ಎರಡು ವರ್ಷ ಎಣಿಸಿ ಅವಳೊಂದು ದೊಡ್ಡ ಸಂಗತಿ ಕಂಡುಕೊಂಡಿದ್ದಳು. ಆರು ಸಾವಿರ ವರ್ಷದ ಹಿಂದಿನ ಆರು ಪದರಗಳಲ್ಲಿ ಮುಳ್ಳುಮುಳ್ಳಾದ ಪರಾಗ ತುಂಬಿತ್ತು. ಅಂಥ ಪರಾಗ ಒಣ ಬಯಲಿನ ಗಿಡಗಳದು. ಅಂದರೆ ಆಗ ಮಳೆ ಕೈಕೊಟ್ಟು, ಖಾಡಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ನಾಶವಾಗಿರಬೇಕು. ಪ್ರಬಂಧ ಸಲ್ಲಿಸಲು ಎರಡೇ ತಿಂಗಳು ಉಳಿದಿತ್ತು. ಅದು ದಾಟಿದರೆ ಅವಳ ನೋಂದಣಿಯೇ ರದ್ದಾಗುತ್ತಿತ್ತು.

ಕೊನೆಯ ಸಲ ಸ್ಲೈಡುಗಳನ್ನು ನೋಡುತ್ತಿದ್ದ ಮಹಾದೇವಿಯವರಿಗೆ ಆ ಕಣಗಳ ಚೆಲುವೇ ಅನುಮಾನ ತಂದಿತು. ಸುತ್ತಲಿನ ಪರಾಗವೆಲ್ಲ ಕಂದಿ, ಮುದುಡಿ, ಅಪ್ಪಚ್ಚಿಯಾಗಿದ್ದರೆ ಇವು ಮಾತ್ರ ಉಬ್ಬಿಕೊಂಡು ಹಳದಿಯಾಗಿ ಹೊಳೆಯುತ್ತಿದ್ದವು. ವಹಿ ತೆಗೆಸಿದರು. ಆರೂ ಪದರಗಳನ್ನು ಜರಡಿ ಹಿಡಿದ ದಿನಗಳು ಒಂದೇ ವಾರದೊಳಗಿದ್ದವು, ಖಂಡೇನವಮಿಗೂ ಸೀಗಿ ಹುಣ್ಣಿಮೆಗೂ ನಡುವೆ. ಅವರು ತಲೆಯೆತ್ತಿ ಜರಡಿಗಳ ಮೇಲಿನ ಮೊಳೆ ನೋಡಿದರು. ಚೆಂಡುಹೂವಿನ ಪರಾಗಕ್ಕೂ ಮುಳ್ಳುಂಟು. ಆ ಗಿಡವಾದರೋ ಸಮುದ್ರದಾಚೆಯಿಂದ ಈ ನಾಡಿಗೆ ಬಂದು ಐದು ನೂರು ವರ್ಷವೂ ಆಗಿಲ್ಲ.

ಕಾಶಪ್ಪನವರನ್ನು ಕರೆದು ಹೊಸ ಮಾಲೆ ತರಿಸಿ, ಅದೇ ಮೊಳೆಗೆ ತೂಗಿಸಿ, ಐದು ದಿನದ ಮೇಲೆ ಬರಿಯ ಭಟ್ಟಿಯಿಳಿಸಿದ ನೀರನ್ನು ಜರಡಿಯಲ್ಲಿ ಹಾಯಿಸಿ ನೋಡಿದರು. ಕೆಸರೇ ಇಲ್ಲದ ಆ ನೀರಿನಲ್ಲೂ ಅದೇ ಹಳದಿ ಮುಳ್ಳುಗಳು.

ಕಾಶಪ್ಪನವರು ನೊಂದುಕೊಂಡರು. "ಬಾಯಾರ, ನಾ ದೇವರಿಗಿ ಏರ್ಸೇನ್ರಿ, ಕೆಸರಿಗಿ ಏರ್ಸಿಲ್ಲ," ಎಂದರು.

"ಹೂವ ತಂದಾಕಿ ನಾನು, ಕಾಶಪ್ಪ. ಮೂವತ್ತು ವರ್ಷ ಪರಾಗದ ಪಾಠ ಹೇಳಿ ಪರಾಗಾನ ತಂದು ಜರಡಿ ಮ್ಯಾಲ ತೂಗಹಾಕಿದಾಕಿ," ಎಂದು ಹೇಳುತ್ತ ಮಹಾದೇವಿಯವರಿಗೆ ನಗು ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಭಯ ಹತ್ತಿತು. ಸಂಗತಿ ಬಲ್ಲವರು ಅವರಿಬ್ಬರೇ. ಬಾಯಿ ಮುಚ್ಚಿಕೊಂಡರೆ ಹುಡುಗಿಗೆ ಪದವಿ ಖಂಡಿತ, ಬಾಯಿ ಬಿಟ್ಟರೆ ಎರಡು ವರ್ಷದ ದುಡಿಮೆ ಕೆಸರುಪಾಲು. ಅಂದು ಸಂಜೆ ಅವರು ಸ್ಲೈಡಿನ ಪೆಟ್ಟಿಗೆಯನ್ನು ಮೂರು ಸಲ ಮುಚ್ಚಿದರು, ಮೂರು ಸಲವೂ ತೆರೆದರು.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಭಾಂಡುಪಿಗೆ ತಾವೇ ಹೋದರು. ಶಿಷ್ಯೆಯನ್ನು ತಮ್ಮ ಕೋಣೆಗೆ ಕರೆಸಿ ಇಂಥ ಸುದ್ದಿ ಹೇಳುವುದು ಅವರಿಗೆ ಸರಿಕಾಣಲಿಲ್ಲ. ಸ್ನೇಹಲ್‌ಳ ತಾಯಿ ಚಹಾ ತಂದಿಟ್ಟು ಒಳಗೆ ಹೋದ ಮೇಲೆ ನಡೆದುದನ್ನು ಒಂದೂ ಬಿಡದೆ ಹೇಳಿದರು. ಹುಡುಗಿ ಚಹಾದ ಲೋಟವನ್ನು ಬದಿಗೆ ಸರಿಸಿದಳು. ಆಮೇಲೆ ತನ್ನ ತಡವರಿಕೆಯ ಕನ್ನಡದಲ್ಲಿ ಕೇಳಿದಳು.

"ಆದ್ರೆ ಮ್ಯಾಡಮ್, ಯಾರಿಗೂ ಗೊತ್ತ್ ಆಗೂದಿಲ್ಲ ನಾ? ಎಕ್ಸಾಮಿನರ್ ಏನ್ ನಮ್ಮ ಪೂಜಾಕ್ಕೆ ಬಂದಿದ್ರಾ?"

"ನನಗ ಗೊತ್ತಾತಲ್ಲವಾ. ಈಗ ನಿನಗೂ ಗೊತ್ತಾತು."

ಸ್ನೇಹಲ್ ಕಿಟಕಿಯಾಚೆಯ ಖಾಡಿಯ ಕಡೆ ನೋಡಿದಳು. ಕಣ್ಣು ತುಂಬಿತ್ತು, ಆದರೂ ನಕ್ಕಳು. "ಫ್ರಿಜ್‌ನಾಗೆ ಇನ್ನೊಂದ್ ಹಾಫ್ ಐತಿ ಅಲ್ಲ? ಮತ್ತ ಕೌಂಟ್ ಮಾಡೋಣ. ಯೂನಿವರ್ಸಿಟಿ ಲೆಟರ್‌ದಾಗ ಮಾತ್ರ ತಪ್ಪು ನಿಮ್ದು ಅಂತ ಬರೀಬ್ಯಾಡ್ರಿ. ಎಣಿಸಿದಾಕಿ ನಾ."

ಶಿಷ್ಯರು ಸೂಚಿಸಿದ ತಿದ್ದುಪಡಿಯನ್ನು ಮಹಾದೇವಿಯವರು ಕಡೆಗಣಿಸಿದ್ದು ಬಹುಶಃ ಅದೊಂದೇ ಸಲ. ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದಲ್ಲಿ ತಪ್ಪು ಮಾರ್ಗದರ್ಶಕಿಯದೆಂದು ಹೂವಿನ ಹೆಸರು ಸಹಿತ ಬರೆದು, ಆರು ತಿಂಗಳ ಹೆಚ್ಚಿನ ಅವಧಿ ಬೇಡಿದರು. ಅವಧಿ ಸಿಕ್ಕಿತು. ಅದೇ ಚಳಿಗಾಲದ ವಿಚಾರ ಸಂಕಿರಣದಲ್ಲಿ, ಬರಗಾಲದ ನಕ್ಷೆ ತೋರಿಸಬೇಕಿದ್ದ ವೇದಿಕೆಯ ಮೇಲೆ ನಿಂತು ಇಡೀ ಪ್ರಸಂಗವನ್ನು ವಿವರಿಸಿದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟದ ವೇಳೆಗೆ ಮೂವರು ಹಿರಿಯ ವಿಜ್ಞಾನಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಪ್ರಯೋಗಾಲಯದ ಪೂಜೆಯೂ ಹೀಗೆಯೇ ನಡೆಯುವುದೆಂದು ಮೆಲ್ಲಗೆ ಹೇಳಿಹೋದರಂತೆ. ಮುಂದಿನ ಖಂಡೇನವಮಿಗೆ ಮಾಲೆಗಳು ಹೊರಗಿನ ಪಡಸಾಲೆಯ ಬಾಗಿಲಿಗೆ ಬಂದವು, ಜರಡಿಗಳಿಗೆ ಕುಂಕುಮವಷ್ಟೇ ಉಳಿಯಿತು.

ಫ್ರಿಜ್ಜಿನಲ್ಲಿ ಜಾಗ ತಿನ್ನುತ್ತವೆಂದು ಸಹೋದ್ಯೋಗಿಗಳು ಗೊಣಗುತ್ತಿದ್ದ ಆ ಅರ್ಧ ಕಂಬಗಳೇ ಈಗ ಕೈಹಿಡಿದವು. ದಿನವೂ ಗುರುವೂ ಶಿಷ್ಯೆಯೂ ಎದುರುಬದುರು ಕುಳಿತು, ಒಬ್ಬರ ಲೆಕ್ಕ ಇನ್ನೊಬ್ಬರು ನೋಡದಂತೆ ಎಣಿಸಿದರು. ಐದನೆಯ ತಿಂಗಳಿಗೆ ಫಲ ಹೊರಬಿತ್ತು. ಬರಗಾಲದ ಗುರುತೇ ಇರಲಿಲ್ಲ. ಮುಳ್ಳು ಪರಾಗದ ಗದ್ದಲ ಅಡಗಿದ ಮೇಲೆ ಆ ಆರು ಪದರಗಳಲ್ಲಿ ಕಂಡದ್ದು ಕಾಂಡ್ಲಾ ಪರಾಗದ ಏರಿಕೆ. ಕಡಲು ಏರುತ್ತಿದ್ದ ಆ ಕಾಲದಲ್ಲಿ ಕಾಡು ಸಾಯಲಿಲ್ಲ. ತನ್ನ ಬೇರುಗಳಲ್ಲಿ ಕೆಸರು ಹಿಡಿದು, ನೆಲವನ್ನು ತಾನೇ ಎತ್ತರಿಸಿಕೊಂಡು, ಉದುರಿದ ಎಲೆಯ ಇಂಗಾಲವನ್ನು ಅದೇ ಕೆಸರಿನಲ್ಲಿ ಹೂತು, ನೀರಿನೊಡನೆ ಮೇಲೇರಿತ್ತು. ಮೂವತ್ತು ವರ್ಷ ಬಾಯಲ್ಲಿ ಹೇಳಿದ ಆ ಉಳಿದರ್ಧ ಮಾತು ಭಾಂಡುಪಿನ ಖಾಡಿಯಲ್ಲೇ ಸಿಕ್ಕಿತ್ತು. ಕೊನೆಯ ಎಣಿಕೆ ತಾಳೆಯಾದ ದಿನ ಮಹಾದೇವಿಯವರು ಕುರ್ಚಿಯಿಂದೆದ್ದು ಹುಡುಗಿಯ ಕೆನ್ನೆಗೆ ಕೈ ಸವರಿ ಲಟಿಕೆ ಮುರಿದರು. ಕಾಶಪ್ಪನವರು ಇಡೀ ಮಹಡಿಗೆ ಪೇಢೆ ಹಂಚಿದರು.

ಡಾಕ್ಟರ್ ಸ್ನೇಹಲ್ ಈಗ ಅದೇ ವಿಭಾಗದಲ್ಲಿ ಪಾಠ ಹೇಳುತ್ತಾಳೆ, ಪ್ರಯೋಗಾಲಯದ ಹೊಣೆಯೂ ಅವಳದೇ. ಅವಳ ಪ್ರಬಂಧದ ಎರಡನೆಯ ಅಧ್ಯಾಯ ಆ ತಪ್ಪಿನ ಪೂರ್ಣ ವರದಿ, ಬೇರೆ ಊರುಗಳ ವಿದ್ಯಾರ್ಥಿಗಳು ಮೊದಲು ಓದುವುದೂ ಅದನ್ನೇ. ನಿವೃತ್ತಿಯ ಮರುವಾರವೇ ಮಹಾದೇವಿಯವರು ಆ ಪ್ರಯೋಗಾಲಯಕ್ಕೆ ಅರ್ಜಿ ಹಿಡಿದು ಹೋಗಿ, ವಾರಕ್ಕೆ ಮೂರು ದಿನ ಎಣಿಸಲು ಒಂದು ಕುರ್ಚಿ ಕೇಳಿದ್ದಾರೆ. ಶಿಷ್ಯೆ ಸಹಿ ಹಾಕುವ ಮೊದಲು, ಇನ್ನುಮುಂದೆ ಅವರ ಎಣಿಕೆಯನ್ನೂ ಇನ್ನೊಬ್ಬರು ಪರಿಶೀಲಿಸುವರೆಂಬ ಷರತ್ತು ಹಾಕಿದಳಂತೆ. ಗುರುಗಳು ಸಂತೋಷದಿಂದ ಒಪ್ಪಿದ್ದಾರೆ.

ನೂರು ವರ್ಷ ಬಾಳಿರೆಂದು ಹರಸಿದರೆ ಅವರಿಗೆ ಅಲ್ಪವೆನಿಸೀತು. ಅವರ ಖಾಡಿಯಲ್ಲಿ ನೂರು ವರ್ಷವೆಂದರೆ ನಾಲ್ಕು ಬೆರಳಗಲದ ಕೆಸರು. ಆದರೆ ಆ ನಾಲ್ಕು ಬೆರಳನ್ನು ಓದಿ ಮುಗಿಸಲು ಎಷ್ಟು ತಾಳ್ಮೆ ಬೇಕೆಂಬುದನ್ನು ಅವರಷ್ಟು ಬಲ್ಲವರಿಲ್ಲ. ಆ ತಾಳ್ಮೆಯೂ ಅದಕ್ಕೆ ತಕ್ಕ ಕಣ್ಣೂ ಅವರಿಗೆ ಬಹುಕಾಲ ಇರಲಿ, ಎದುರು ಕುರ್ಚಿಯಲ್ಲಿ ಲೆಕ್ಕ ತಾಳೆ ನೋಡುವವರು ಎಂದೂ ತಪ್ಪದಿರಲಿ.