ಲವಂಗ ಚುಚ್ಚಿದ ತುಂಡು
ಹಣ್ಣಿನ ಸಿಹಿತಿಂಡಿಯಿಂದ ಒಂದೊಂದೇ ಸಾಮಾನನ್ನು ಕಳೆಯುವುದರಲ್ಲಿ ನನ್ನ ಓರಗಿತ್ತಿಯನ್ನು ಮೀರಿಸಿದವರಿಲ್ಲ. ಸಕ್ಕರೆ ಕಾಯಿಲೆಗೆ ಮೈದುನನ ಕಾಲ್ಬೆರಳೊಂದು ಹೋದ ಮೇಲೆ, ಉಳಿದವು ಉಳಿಯಬೇಕಾದರೆ ಸಕ್ಕರೆ, ಪಿಷ್ಟ ಎರಡೂ ಕಮ್ಮಿಯಾಗಬೇಕು ಎಂದರು ಡಾಕ್ಟರು. ಅವನೋ, ಭಾನುವಾರದ ಸೇಬಿನ ಸಿಹಿ ಮನೆಯಲ್ಲಿ ಸಿಗದಿದ್ದರೆ ಬೇಕರಿಯ ಬಾಗಿಲಿಗೇ ಹೋಗುವವನು. ಹಾಗಾಗಿ ಈಕೆ ಮೊದಲು ಸಕ್ಕರೆ ಕಳೆದು ದಾಲ್ಚಿನ್ನಿ ಹಾಕಿದಳು, ಆಮೇಲೆ ಮೈದಾ ಕಳೆದು ಬಾದಾಮಿ ಪುಡಿ ಹಾಕಿದಳು, ಕೊನೆಗೆ ಸೇಬನ್ನೇ ಕಳೆದು ಸೀಮೆಬದನೆಯನ್ನು ತೆಳ್ಳಗೆ ಹೆಚ್ಚಿ ನಿಂಬೆರಸದಲ್ಲಿ ಬೇಯಿಸಿದಳು. “ಇನ್ನೇನು ಉಳೀತೇ, ತಟ್ಟೆ ಒಂದೇನಾ?” ಎಂದೆ. “ಅದನ್ನೂ ಚಿಕ್ಕದು ಮಾಡಿದೀನಿ ಅಕ್ಕಾ. ಅವ್ರಿಗೆ ಗೊತ್ತಾಗಲ್ಲ ಬಿಡಿ” ಎಂದಳು. ತಕ್ಕಡಿಯ ಮುಂದೆ ಅಕ್ಕಸಾಲಿಯಂತೆ ಬಗ್ಗುತ್ತಾಳೆ. ಬಾದಾಮಿ ಒಂದು ಹೆಚ್ಚಾದರೂ ತೆಗೆದು ತನ್ನ ಬಾಯಿಗೆ ಹಾಕಿಕೊಳ್ಳುತ್ತಾಳೆ. ಗುಟ್ಟು ರಟ್ಟಾಗದಿರಲೆಂದು ಅವನ ತುಂಡಿನಲ್ಲಿ ಮಾತ್ರ ನಿಜವಾದ ಸೇಬಿನ ಒಂದು ಹೋಳನ್ನು ಹುದುಗಿಸಿ, ಗುರುತಿಗೆ ಮೇಲೊಂದು ಲವಂಗ ಚುಚ್ಚುತ್ತಾಳೆ. ಹೋದ ಭಾನುವಾರ ನಾನೂ ಅಲ್ಲಿ ಊಟಕ್ಕೆ ಕೂತಿದ್ದೆ. ಅವಳು ನೀರು ತರಲು ಎದ್ದಾಗ ಮೈದುನ ಲವಂಗದ ತುಂಡಿದ್ದ ತನ್ನ ತಟ್ಟೆಯನ್ನು ಅವಳ ಕಡೆಗೆ ಸರಿಸಿ, ಅವಳದನ್ನು ತನ್ನತ್ತ ಎಳೆದುಕೊಂಡ. “ಸೇಬು ಅಂದ್ರೆ ಅವಳಿಗೇ ಪ್ರಾಣ ಅತ್ತಿಗೆ. ನನ್ನ ದೆಸೆಯಿಂದ ಬಿಟ್ಟುಬಿಟ್ಟಿದಾಳೆ” ಎಂದ. ಅವಳು ಬಂದು ಕೂತಳು. “ಇವತ್ತು ಸೇಬು ಬಲು ಚೆನ್ನಾಗಿದೆ ಕಣೇ” ಎಂದ ಅವನು, ಸೀಮೆಬದನೆಯನ್ನು ಅಗಿಯುತ್ತ. ಅವಳು ತನ್ನ ತಟ್ಟೆಯಲ್ಲಿದ್ದ ಲವಂಗವನ್ನು ಸ್ವಲ್ಪ ಹೊತ್ತು ನೋಡಿ, ಕಿತ್ತು ಅಂಚಿಗಿಟ್ಟಳು. “ಹಾಗಾದ್ರೆ ಇನ್ನೊಂದು ತುಂಡು ಹಾಕ್ಲಾ?” ಎಂದಳು.