ದಸ್ಪಾನ್ ಕೊನೆಗೆ ಹಿಡಿದ ಬೇಸ್ ಗಿಟಾರ್

ಊರೂರಿನ ಸಮಾರಂಭಗಳಲ್ಲಿ ಕುಣಿತದ ಹಾಡು ಹಾಡುವ ನಮ್ಮ ಡಾಂಗ್‌ಡುಟ್ ತಂಡದಲ್ಲಿ ವಾರ್ಸಿದಿ ಹತ್ತೊಂಬತ್ತು ವರ್ಷ ಬೇಸ್ ಗಿಟಾರ್ ನುಡಿಸಿದ. ಅವನ ಪಕ್ಕದಲ್ಲೇ ಕೂತು ನಾನು ಗೆಂಡಾಂಗ್ ಡೋಲು ಬಾರಿಸುತ್ತಿದ್ದೆ. ಜನ ನೋಡುವುದು ಹಾಡುವವಳನ್ನು, ಆದರೆ ಅವರ ಕಾಲು ಕುಣಿಯುವುದು ಬೇಸ್ ಮತ್ತು ಗೆಂಡಾಂಗ್ ಎಳೆದತ್ತ. ಹೀಗಾಗಿ ಅವನ ಬೆರಳು ತಡವರಿಸಿದರೆ ಇಡೀ ಇಂದ್ರಮಾಯು ಕರಾವಳಿಯಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ನನಗೆ.

ಅವನದು ಕಂದು ಬಣ್ಣದ ಹಳೇ ಬೇಸ್. ಯಾವುದೋ ಹಡಗಿನಲ್ಲಿ ನುಡಿಸುತ್ತಿದ್ದವನೊಬ್ಬ ಊರಿಗೆ ಮರಳಿದಾಗ ಮಾರಿದ್ದು. ಸಮುದ್ರದ ಪಕ್ಕದ ನಮ್ಮೂರಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವುದೆಂದರೆ ಆಸ್ತಮಾ ಇರುವ ಮುದುಕನನ್ನು ಸಾಕಿದಂತೆ. ಪೂರ್ವದ ಗಾಳಿ ಬೀಸುವ ಒಣ ತಿಂಗಳುಗಳಲ್ಲಿ ಅದರ ಕತ್ತಿನ ಮರ ಕುಗ್ಗುತ್ತಿತ್ತು. ಲೋಹದ ಮೆಟ್ಟುಗಳ ತುದಿ ಹೊರಗೆ ಚಾಚಿಕೊಂಡು ಅಂಗೈ ಗೀರುತ್ತಿತ್ತು, ತಂತಿ ಮೆಟ್ಟಿಗೆ ತಾಗಿ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಪಶ್ಚಿಮದ ಗಾಳಿ ಮಳೆ ತಂದಾಗ ಅದೇ ಮರ ನೀರು ಕುಡಿದು ಉಬ್ಬಿ ಮುಂದಕ್ಕೆ ಬಾಗುತ್ತಿತ್ತು. ಆಗ ತಂತಿಗಳು ಮೇಲೆದ್ದು, ಒಂದೊಂದು ಸ್ವರ ಒತ್ತುವುದೂ ಬಾವಿಯಿಂದ ನೀರು ಸೇದಿದಂತೆ. ಕತ್ತಿನೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿದೆ. ಅದನ್ನು ಅಲೆನ್ ಕೀ ಎಂಬ ಬಾಗಿದ ಕೀಲಿಯಿಂದ ಬಿಗಿ ಮಾಡಿ, ಸಡಿಲ ಮಾಡಿ, ವಾರ್ಸಿದಿ ಎರಡು ಗಾಳಿಗಳ ನಡುವೆ ಹೇಗೋ ಸಂಸಾರ ನಡೆಸುತ್ತಿದ್ದ. ತುಕ್ಕು ಹಿಡಿದ ತಂತಿಗಳನ್ನು ಅನ್ನ ಬೇಯಿಸುವ ಪಾತ್ರೆಯಲ್ಲಿ ಕುದಿಸುತ್ತಿದ್ದ. ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ, ಪಸೆ ಹೀರಲಿ ಎಂದು ಬೇಸ್‌ನ ಪೆಟ್ಟಿಗೆಯಲ್ಲಿಡುತ್ತಿದ್ದ.

“ನಂಗೆ ಜ್ವರ ಬಂದಾಗ ಒಂದು ಬಟ್ಟೆ ಒದ್ದೆ ಮಾಡಿ ಹಣೆ ಮೇಲೆ ಹಾಕಿದೋರಲ್ಲ,” ಎಂದು ಅವನ ಹೆಂಡತಿ ಕಾರ್ಸಿನಿ ನನ್ನೆದುರೇ ಹಂಗಿಸುತ್ತಿದ್ದಳು. “ಅದರ ಮೈ ಮಾತ್ರ ದಿನಾ ಒರೆಸ್ತಾರೆ.”

“ನೀನು ಒದ್ದೆಯಾದ್ರೆ ತುಕ್ಕು ಹಿಡಿಯಲ್ವಲ್ಲೇ,” ಎನ್ನುತ್ತಿದ್ದ ಅವನು.

ಆ ವರ್ಷ ಒಣ ತಿಂಗಳು ಎಳೆದೂ ಎಳೆದು ನವೆಂಬರ್ ನಡುವಿಗೆ ಬಂದಿತ್ತು. ದೋಣಿ ಮಾಲೀಕನೊಬ್ಬನ ಮನೆಯಲ್ಲಿ ಮಗನ ಸುನ್ನತ್ ಸಮಾರಂಭ. ಭತ್ತ ಒಣಗಿಸುವ ಕಣದಲ್ಲಿ ವೇದಿಕೆ ಹಾಕಿ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ಧ್ವನಿವರ್ಧಕ, ಜನರೇಟರ್ ಎಲ್ಲ ಬಾಡಿಗೆಯವು. ಸೋರಿದ ಕರೆಂಟ್ ನೆಲಕ್ಕಿಳಿಯಲಿ ಎಂದು ಆಂಪ್ಲಿಫೈಯರ್‌ನಿಂದ ಒಂದು ತಂತಿ ಎಳೆದು, ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಕಟ್ಟಿದ್ದರು. ಏಳು ತಿಂಗಳು ಹನಿ ಕಾಣದ ನೆಲ ಅದು. ಒಣ ಮಣ್ಣಿನಲ್ಲಿ ನೆಟ್ಟ ಗೂಟ ಇದ್ದರೂ ಇಲ್ಲದಂತೆಯೇ ಎಂಬುದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊದಲ ಮಳೆ ಬಂತು. ಹತ್ತು ನಿಮಿಷ ಸುರಿದು ನಿಂತಿತು. ವೇದಿಕೆಯ ಹಲಗೆ ಒದ್ದೆಯಾಯಿತು, ನೆಲದೊಳಗಿನ ಮಣ್ಣು ಒಣಗಿಯೇ ಇತ್ತು. ಧೂಳು ಅಡಗಿದ್ದಕ್ಕೆ ಜನ ಖುಷಿಯಾಗಿ ಇನ್ನೂ ಹತ್ತಿರ ಬಂದರು. ಎರಡು ಹಾಡು ಮುಗಿಸಿದ ಮೇಲೆ ವಾರ್ಸಿದಿ ಬೇಸ್ ಕಳಚಿ ರಿದಮ್ ಗಿಟಾರ್ ನುಡಿಸುತ್ತಿದ್ದ ದಸ್ಪಾನನ ಕೈಗೆ ಕೊಟ್ಟ.

“ಕತ್ತು ಉಬ್ಬಿದೆ ಕಣೋ, ಕೀ ತರ್ತೀನಿ. ಒಂದು ಹಾಡು ನೋಡ್ಕೋ.”

ದಸ್ಪಾನ್ ಬೇಸ್ ಹಾಕಿಕೊಂಡ. ಅವನು ಬರಿಗಾಲಲ್ಲಿದ್ದ. ಅವನಿಗೆ ಮೈಕ್ ಕಂಡರೆ ಬಾಯಿ ಸುಮ್ಮನಿರುತ್ತಿರಲಿಲ್ಲ. “ನಮ್ಮ ಕಾಂಗ್ ವಾರ್ಸಿದಿಗೆ, ನಮ್ಮ ಹಿರಿಯಣ್ಣನಿಗೆ, ವಯಸ್ಸಾಯ್ತು, ಎರಡು ಹಾಡಿಗೊಂದ್ಸಲ ಕೆಳಗಿಳೀಬೇಕಂತೆ,” ಎಂದ. ಜನ ನಕ್ಕರು. ಇನ್ನೊಂದು ಮಾತಿಗೆಂದು ಮೈಕನ್ನು ತುಟಿಯ ಹತ್ತಿರ ಎಳೆದುಕೊಂಡ.

ಅವನ ಮೈ ಅದುರಿದಾಗಲೂ ಜನ ನಗುತ್ತಿದ್ದರು. ಕುಣಿಯುತ್ತಿದ್ದಾನೆ ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡು ನಾಲ್ಕು ಪೆಟ್ಟು ಬಾರಿಸಿದೆ. ಯಾರೋ ಜನರೇಟರ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಸ್‌ನ ಕತ್ತಿನಿಂದ ಅವನ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನೇ. ನನ್ನ ಗೆಂಡಾಂಗ್ ಬರೀ ಮರ ಮತ್ತು ಚರ್ಮ. ನನಗೆ ಕರೆಂಟ್ ತಟ್ಟಿರಲಿಲ್ಲ.

ವಾರ್ಸಿದಿ ಆ ಮೇಲೆ ನುಡಿಸಲಿಲ್ಲ. ಮೀನು ಒಣಗಿಸುವಲ್ಲಿ ಕೂಲಿಗೆ ಹೋದ. ಬೇಸ್ ಮುಂಗೋಣೆಯ ಗೋಡೆಗೆ ನೇತುಬಿದ್ದಿತ್ತು. ಗಾಳಿ ತಿರುಗಿದಂತೆಲ್ಲ ಅದು ಬಾಗಿತು, ನೆಟ್ಟಗಾಯಿತು, ಮತ್ತೆ ಬಾಗಿತು. ಮನೆಯ ಹಿಂದೆಯೇ ಕಾಲುವೆ. ಅಲ್ಲಿ ದೋಣಿಗಳ ಡೀಸೆಲ್ ಎಂಜಿನ್ ಹೊಡೆದುಕೊಂಡಾಗ ಬೇಸ್‌ನ ದಪ್ಪ ತಂತಿ ತಾನೇ ಗುಂಯ್ ಎನ್ನುತ್ತಿತ್ತು. ಮುಟ್ಟುವವರಿಲ್ಲ, ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ, ಗೋಡೆಯಿಂದ ಆ ಸದ್ದು. ಎಂಜಿನ್ನಿನ ಅದುರು ತಂತಿಗೆ ಹತ್ತುತ್ತದೆ ಎಂದು ನಾನೇ ಕಾರ್ಸಿನಿಗೆ ವಿವರಿಸಿದೆ.

“ಅದು ನಂಗೂ ಗೊತ್ತು ಕಾಂಗ್,” ಎಂದಳು. “ಆದ್ರೆ ಸದ್ದಾದಾಗ ಇವರು ತುತ್ತು ಬಾಯಲ್ಲಿಟ್ಕೊಂಡು ಹಾಗೇ ಕೂತುಬಿಡ್ತಾರೆ. ಅದು ನಿಲ್ಲೋ ತನಕ ನುಂಗೋದಿಲ್ಲ.”

ಮೂರು ವರ್ಷ ಹೀಗೇ ಹೋಯಿತು. ಒಂದು ಮಧ್ಯಾಹ್ನ, ತಂಡಕ್ಕೆ ಮರಳಿ ಬಾ ಎಂದು ಕೇಳಲು ನಾನು ಅವನ ಮನೆಗೆ ಹೋಗಿದ್ದಾಗ, ದಸ್ಪಾನನ ಹೆಂಡತಿ ವಸ್ತಿನಿ ಬಂದಳು. ಬಾಗಿಲಲ್ಲೇ ನಿಂತು ಗೋಡೆಯ ಕಡೆ ನೋಡಿದಳು.

“ಕಾಂಗ್, ಅದನ್ನ ನಂಗೆ ಕೊಟ್ಬಿಡಿ. ನೀವಂತೂ ಮುಟ್ಟೋದಿಲ್ಲ. ಅವರು ಕೊನೆಗೆ ಹಿಡಿದಿದ್ದು ಅದೇ.”

ವಾರ್ಸಿದಿ ಎದ್ದು ಬೇಸ್ ಇಳಿಸಿದ. ಕೊಡದೆ ಎದೆಗವುಚಿಕೊಂಡು ನಿಂತ.

“ಅವತ್ತು ನಾನು ಯಾಕೆ ಕೆಳಗಿಳಿದೆ ಗೊತ್ತಾ ನಿಂಗೆ?”

“ಕೀ ತರೋಕೆ ಅಂತ ಎಲ್ರೂ ಹೇಳಿದ್ರು.”

“ಕೀ ನನ್ನ ಜೇಬಲ್ಲೇ ಇತ್ತು.”

ಕಾರ್ಸಿನಿ ಅಡುಗೆಮನೆಯಿಂದ ಹೊರಗೆ ಬಂದಳು. ಆ ಮಾತು ಅವಳೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ತಂತಿ ಕಚ್ತಾ ಇತ್ತು,” ಎಂದ ಅವನು. “ಮಳೆ ನಿಂತ ಮೇಲೆ, ಎರಡು ಹಾಡಿಂದ. ಬೆರಳ ತುದಿಗೆ ಇರುವೆ ಕಚ್ಚಿದ ಹಾಗೆ. ಕೈಗೆ ಸ್ವಲ್ಪ ಬಿಡುವು ಸಿಗಲಿ ಅಂತ ಇಳಿದೆ.”

“ಅವರಿಗೆ ಹೇಳಿದ್ರಾ?”

“ಇಲ್ಲ.”

“ಯಾಕೆ ಹೇಳಲಿಲ್ಲ?”

“ಮಳೆಗಾಲದಲ್ಲಿ ಇದೆಲ್ಲ ಮಾಮೂಲು ಅಂದ್ಕೊಂಡೆ. ಹೇಳಿದ್ರೆ ಪುಕ್ಕಲ ಅಂತ ಮೈಕಲ್ಲಿ ನನ್ನನ್ನೇ ಆಡ್ಕೋತಾನೆ ಅಂದ್ಕೊಂಡೆ.”

ವಸ್ತಿನಿ ಮುಂದೆ ಬಂದು ಅವನ ಕೈಯಿಂದ ಬೇಸ್ ತೆಗೆದುಕೊಂಡು, ಮಗುವನ್ನು ಎತ್ತಿಕೊಂಡಂತೆ ಸೊಂಟಕ್ಕಾನಿಸಿಕೊಂಡು ಬಿಸಿಲಲ್ಲಿ ನಡೆದುಹೋದಳು. ಪೆಟ್ಟಿಗೆಯನ್ನೂ ಕೇಳಲಿಲ್ಲ. ಅಂದಿನಿಂದ ಬಹಳ ವರ್ಷ ಅವಳು ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮುಂದಿನ ಗಾಳಿ ತಿರುಗಿದಾಗ ವಾರ್ಸಿದಿ ಪೆಟ್ಟಿಗೆ ಹೊತ್ತುಕೊಂಡು ಅವಳ ಬೇಲಿಯ ಹೊರಗೆ ನಿಂತ. “ಅದರ ಕತ್ತು ನೋಡ್ಬೇಕು. ಹಾಗೇ ಬಿಟ್ರೆ ತಿರುಚಿಕೊಳ್ಳುತ್ತೆ,” ಎಂದ. ಅವಳು ಬಾಗಿಲು ತೆರೆದಿಟ್ಟು ಒಳಗೆ ಹೋದಳು. ಅವನು ಜಗುಲಿಯಲ್ಲಿ ಕೂತು ತಂತಿ ಒರೆಸಿದ, ಸರಳು ತಿರುಗಿಸಿದ, ಮೆಟ್ಟುಗಳ ತುದಿಗೆ ಅರ ಉಜ್ಜಿದ. ಹೋಗುವಾಗ ನೋಡಿದರೆ ಪಕ್ಕದಲ್ಲಿ ಒಂದು ಲೋಟ ಕಾಫಿ ಆರಿಹೋಗಿತ್ತು. ಯಾವಾಗ ತಂದಿಟ್ಟಳೋ ಅವನಿಗೆ ತಿಳಿಯಲಿಲ್ಲ.

ಆಮೇಲೆ ವರ್ಷಕ್ಕೆ ಎರಡು ಸಲ ಹೀಗೇ ಆಯಿತು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಒಂದು ಸಲ ಅವಳು ಕಾಫಿ ಇಡುತ್ತಾ, “ದೋಣಿ ಹೋಗುವಾಗ ಅದು ಸದ್ದು ಮಾಡುತ್ತೆ,” ಎಂದಳು.

“ತಂತಿಗೆ ಒಂದು ಬಟ್ಟೆ ಸಿಕ್ಕಿಸಿದ್ರೆ ನಿಲ್ಲುತ್ತೆ.”

“ನಿಲ್ಲಿಸಿ ಅಂತ ನಾನು ಹೇಳಲಿಲ್ಲ.”

ಅವನು ತೆಗೆದಿದ್ದ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಮೀನಿನ ಕೂಲಿ ಬಿಟ್ಟು ಈಗ ಅವನು ಈ ಕರಾವಳಿಯ ತಂಡಗಳ ವೇದಿಕೆ ನೋಡಿಕೊಳ್ಳುತ್ತಾನೆ. ಯಾರ ಕಾರ್ಯಕ್ರಮವಿದ್ದರೂ ಬೆಳಿಗ್ಗೆಯೇ ಹೋಗಿ, ಒಂದೂವರೆ ಆಳುದ್ದದ ಸರಳನ್ನು ನೆಲಕ್ಕೆ ಇಳಿಸಿ, ಸುತ್ತ ಉಪ್ಪು ಸುರಿದು, ಬಿಂದಿಗೆಗಟ್ಟಲೆ ನೀರು ಹೊಯ್ಯುತ್ತಾನೆ. ಪ್ರತಿ ಮೈಕನ್ನೂ ಟೆಸ್ಟರ್ ಇಟ್ಟು ನೋಡುತ್ತಾನೆ. “ಗೂಟಕ್ಕೆ ಸ್ನಾನ ಆಯ್ತಾ ಕಾಂಗ್, ಪೌಡರ್ ಹಾಕಿದ್ರಾ?” ಎಂದು ಹಾಡುವ ಹುಡುಗಿಯರು ರೇಗಿಸುತ್ತಾರೆ. ಅವನು ನಗುವುದಿಲ್ಲ. ಬರಿಗಾಲಲ್ಲಿ ವೇದಿಕೆ ಹತ್ತಿದವರನ್ನು ಕೆಳಗಿಳಿಸುತ್ತಾನೆ, ಅವರು ಎಷ್ಟೇ ಹೆಸರುವಾಸಿಯಾಗಿರಲಿ. ಮಳೆ ನಿಂತ ಕೂಡಲೇ ಹಾಡು ನಿಲ್ಲಿಸಿ ಎಂದು ಕೈ ಮಾಡುತ್ತಾನೆ, ಜನ ಕೂಗಾಡಿದರೂ ಮತ್ತೊಮ್ಮೆ ಎಲ್ಲ ಮುಟ್ಟಿ ನೋಡುವವರೆಗೆ ಬಿಡುವುದಿಲ್ಲ. ಅಂಥ ಹೊತ್ತಿನಲ್ಲಿ ಅವನು ಒಬ್ಬೊಬ್ಬರ ಕಾಲನ್ನೂ ನೋಡುತ್ತಿರುತ್ತಾನೆ. ಯಾರನ್ನು ಹುಡುಕುತ್ತಿದ್ದಾನೆಂದು ನಾನು ಕೇಳಿಲ್ಲ.

ಹೋದ ಜನವರಿಯಲ್ಲಿ ಅವನಿಗೆ ಡೆಂಗಿ ಜ್ವರ ಬಂದು ಹನ್ನೆರಡು ದಿನ ಹಾಸಿಗೆ ಹಿಡಿದ. ಮಳೆ ಬಿಟ್ಟಿರಲಿಲ್ಲ. ವಸ್ತಿನಿ ಕೊಡೆ ಹಿಡಿದು ನನ್ನ ಮನೆಗೆ ಬಂದಳು.

“ಕಾಂಗ್ ಸಾಕಿಮ್, ಅದರ ತಂತಿ ತುಂಬ ಮೇಲೆ ಬಂದಿದೆ. ಅವರು ಈ ಸಲ ಬರಲಿಲ್ಲ. ನಿಮಗೆ ಮಾಡೋಕೆ ಬರುತ್ತಾ?”

“ನಂಗೆ ಚರ್ಮ ಬಡಿಯೋದು ಗೊತ್ತು, ಅಷ್ಟೇ. ಸರಳು ಮುರಿದ್ರೆ ಅಲ್ಲಿಗೇ ಮುಗೀತು.”

ಅವಳು ಮತ್ತೆ ಕೊಡೆ ಬಿಡಿಸಿದಳು. “ಹಾಗಾದ್ರೆ ಅವರ ಹತ್ರಾನೇ ತಗೊಂಡು ಹೋಗೋಣ.”

ಸೈಕಲ್ ರಿಕ್ಷಾದಲ್ಲಿ ಬೇಸ್‌ಗೆ ಪ್ಲಾಸ್ಟಿಕ್ ಹೊದಿಸಿ ಇಬ್ಬರ ನಡುವೆ ನಿಲ್ಲಿಸಿಕೊಂಡು ಹೋದೆವು. ಕಾರ್ಸಿನಿ ಬಾಗಿಲು ತೆರೆದವಳು ಪಕ್ಕಕ್ಕೆ ಸರಿದು ಚಾಪೆ ಹಾಸಿದಳು. ವಾರ್ಸಿದಿಗೆ ಎದ್ದು ಕೂರುವ ಶಕ್ತಿಯಿರಲಿಲ್ಲ. ವಸ್ತಿನಿ ಬೇಸ್ ಅನ್ನು ತೊಡೆಯ ಮೇಲಿಟ್ಟುಕೊಂಡು ಅದರ ತಲೆಯನ್ನು ಅವನ ಕಣ್ಣಿನ ಮಟ್ಟಕ್ಕೆ ತಂದಳು. ಅವನು ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿದ.

“ಕೀ ಹಾಕು ಸಾಕಿಮ್. ಬಲಕ್ಕೆ. ಕಾಲು ಸುತ್ತು ಅಷ್ಟೇ, ಜಾಸ್ತಿ ಬೇಡ.”

ನಾನು ತಿರುಗಿಸಿದೆ. ಒಳಗೆಲ್ಲೋ ಮರ ಕಿರ್ ಎಂದಿತು. ವಸ್ತಿನಿಯ ಕೈ ಅಲುಗಲಿಲ್ಲ.

“ಇನ್ನೂ ಮೇಲೇ ಇದೆಯಲ್ಲ,” ಎಂದಳು.

“ಒಂದೇ ಸಲಕ್ಕೆ ಆಗೋದಿಲ್ಲ,” ಎಂದ ವಾರ್ಸಿದಿ. “ಮರಕ್ಕೆ ಒಂದು ರಾತ್ರಿ ಬಿಡ್ಬೇಕು. ನಾಳೆ ಇನ್ನೊಂದು ಕಾಲು ಸುತ್ತು.”

ಅವಳು ಬೇಸ್ ಅನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಸೊಂಟಕ್ಕೆ ಸುತ್ತಿದ್ದ ಬಟಿಕ್ ಬಟ್ಟೆಯ ಅಂಚು ಸರಿಪಡಿಸಿಕೊಂಡು ಎದ್ದಳು.

“ಇಲ್ಲೇ ಇರಲಿ,” ಎಂದಳು. “ನಾಳೆ ಬರ್ತೀನಿ.”